ದುರಸ್ತಿಯ ನಂತರ ಕೈಕೊಡುವ ರೇಡಿಯೇಟರ್ ಫ್ಯಾನು: ದೋಷ ಪತ್ತೆಯ ಕ್ರಮ ಮತ್ತು ದಾಖಲೆಗಳ ಮಹತ್ವ

ವ್ಯಾಪಾರೋದ್ಯಮದಲ್ಲಿ ತೊಡಗಿರುವವರಿಗೆ ಕಾರು ಇಂದು ಕೇವಲ ಅನುಕೂಲದ ವಸ್ತುವಾಗಿ ಉಳಿದಿಲ್ಲ. ಬಾಕಿ ವಸೂಲಿ, ಮಾಲಿನ ಮಾದರಿಗಳ ಸಾಗಣೆ, ಬ್ಯಾಂಕು ಹಾಗೂ ತೆರಿಗೆ ಕಚೇರಿಗಳ ಓಡಾಟ ಎಲ್ಲವೂ ಅದನ್ನೇ ಅವಲಂಬಿಸಿವೆ. ಬಿಲ್ಲು ಪಾವತಿಸಿ ಗ್ಯಾರೇಜಿನಿಂದ ಹೊರತಂದ ವಾಹನವು ಒಂದೆರಡು ದಿನಗಳಲ್ಲೇ ಮತ್ತೆ ಕಾಯತೊಡಗಿದರೆ ಮಾಲೀಕನಿಗೆ ಆಗುವ ನಷ್ಟ ಇಮ್ಮಡಿ. ಕೊಟ್ಟ ಹಣ ವ್ಯರ್ಥವಾಗುವುದು ಒಂದಾದರೆ, ಇಂಜಿನಿಗೇ ಅಪಾಯ ಒದಗುವುದು ಇನ್ನೊಂದು.

ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಅತಿಯಾಗಿ ಕಾದರೆ ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಇಂತಹ ಹಾನಿಯನ್ನು ವಿಮೆ ತುಂಬಿಕೊಡುತ್ತದೆಂದು ನಂಬುವವರು ಅನೇಕರು. ಆದರೆ ನಮ್ಮ ದೇಶದ ಸಾಮಾನ್ಯ ಮೋಟಾರು ವಿಮಾ ಪಾಲಿಸಿಯು ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯವನ್ನೂ ಸಹಜ ಸವೆತವನ್ನೂ ಹೊರಗಿಟ್ಟಿದೆ. ಪ್ರತ್ಯೇಕ ಇಂಜಿನ್ ರಕ್ಷಣೆಯ ಸೌಲಭ್ಯ ಪಡೆದವರು ಸಹ ಅದರ ಷರತ್ತುಗಳನ್ನು ಓದಿಕೊಂಡಿರುವುದು ಒಳ್ಳೆಯದು.

ಫ್ಯಾನಿನ ಕೆಲಸ

ವಾಹನ ವೇಗವಾಗಿ ಚಲಿಸುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪಾಗಿಸುತ್ತದೆ. ನಿಂತಾಗ ಅಥವಾ ನಿಧಾನಗತಿಯಲ್ಲಿ ಸಾಗುವಾಗ ಮಾತ್ರ ಫ್ಯಾನು ಅನಿವಾರ್ಯ. ಹೆದ್ದಾರಿಯಲ್ಲಿ ನೆಟ್ಟಗಿರುವ ತಾಪಸೂಚಿಯ ಮುಳ್ಳು ಪೇಟೆಯ ದಟ್ಟಣೆಯಲ್ಲಿ ಏರಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ ಬೀಳಬೇಕು. ಇದಕ್ಕೆ ವ್ಯತಿರಿಕ್ತವಾಗಿ ಹೆದ್ದಾರಿಯಲ್ಲಿಯೇ ಬಿಸಿ ಏರಿದರೆ ಥರ್ಮೋಸ್ಟಾಟ್, ವಾಟರ್ ಪಂಪು ಅಥವಾ ಕಟ್ಟಿಕೊಂಡ ರೇಡಿಯೇಟರಿನ ಕಡೆಗೆ ಗಮನ ಹರಿಸಬೇಕು.

ಇಂದಿನ ಬಹುತೇಕ ಕಾರುಗಳಲ್ಲಿ ಫ್ಯಾನು 12 ವೋಲ್ಟಿನ ವಿದ್ಯುತ್ ಮೋಟಾರಿನಿಂದ ತಿರುಗುತ್ತದೆ. ಕೂಲಂಟಿನ ತಾಪವನ್ನು ಸೆನ್ಸರ್ ಅಳೆಯುತ್ತದೆ. ಇಂಜಿನಿನ ನಿಯಂತ್ರಣ ಘಟಕ ಅದನ್ನು ಓದಿ ರಿಲೇಗೆ ಆಜ್ಞೆ ನೀಡುತ್ತದೆ. ರಿಲೇ ಮತ್ತು ಫ್ಯೂಸಿನ ಮೂಲಕ ಮೋಟಾರಿಗೆ ವಿದ್ಯುತ್ ಹರಿಯುತ್ತದೆ. ಥರ್ಮೋಸ್ಟಾಟ್ ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಂಡರೆ, ಅನೇಕ ಕಾರುಗಳಲ್ಲಿ ಫ್ಯಾನು 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ಚಾಲನೆಗೊಳ್ಳುತ್ತದೆ. ಏಸಿ ಹಾಕಿದಾಗಲೂ ಅದೇ ಫ್ಯಾನು ಅಥವಾ ಅದರ ಜೊತೆಯ ಇನ್ನೊಂದು ಫ್ಯಾನು ತಿರುಗಬೇಕು.

ಕೈಯಾಡಿದ ಜಾಗದಿಂದಲೇ ಹುಡುಕಾಟ

ತಾಳೆಪಟ್ಟಿ ಸರಿಹೊಂದದಿದ್ದಾಗ ಅನುಭವಸ್ಥ ಗುಮಾಸ್ತನು ವರ್ಷದ ಎಲ್ಲ ಖಾತೆಗಳನ್ನು ಕೆದಕುವುದಿಲ್ಲ. ಹಿಂದಿನ ಬಾರಿ ತಾಳೆಯಾದ ದಿನದಿಂದ ಈಚೆಗೆ ಬರೆದ ನಮೂದುಗಳನ್ನು ಮೊದಲು ನೋಡುತ್ತಾನೆ. ದುರಸ್ತಿಯ ನಂತರ ಹುಟ್ಟಿಕೊಂಡ ದೋಷಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ದುರಸ್ತಿಗೆ ಮುಂಚೆ ಸರಿಯಾಗಿದ್ದ ಫ್ಯಾನಿನ ಮೋಟಾರು ಅದೇ ದಿನ ತಾನಾಗಿಯೇ ಕೆಟ್ಟಿರುವ ಸಂಭವ ಕಡಿಮೆ. ರೇಡಿಯೇಟರ್, ವಾಟರ್ ಪಂಪು ಅಥವಾ ಏಸಿಯ ಕೆಲಸಕ್ಕಾಗಿ ಬಿಚ್ಚಿದ ಕಪ್ಲರನ್ನು ಮರಳಿ ಕೂರಿಸದಿರುವುದು, ಅರ್ಥ್ ತಂತಿಯ ಬೋಲ್ಟು ಸಡಿಲಾಗಿರುವುದು, ಕೂಲಂಟ್ ತುಂಬುವಾಗ ಒಳಗೆ ಗಾಳಿ ಉಳಿದಿರುವುದು ಇವೇ ಹೆಚ್ಚು ಸಂಭವನೀಯ.

ಆದ್ದರಿಂದ ಬಿಡಿಭಾಗ ಬದಲಿಸುವ ಮಾತು ಬರುವ ಮೊದಲು, ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಯ ಕಡೆಗೆ ಈ ಕ್ರಮದಲ್ಲಿ ಸಾಗಬೇಕು:

1. ತಂಪಾದ ಇಂಜಿನಿನಲ್ಲಿ ಕೂಲಂಟಿನ ಮಟ್ಟ ನೋಡುವುದು. ನಂತರ ಬಾನೆಟ್ ತೆರೆದು, ಬಿಚ್ಚಿ ಜೋಡಿಸಿದ ಭಾಗದ ಸುತ್ತಲಿನ ಪ್ರತಿಯೊಂದು ಕಪ್ಲರನ್ನೂ ಕಣ್ಣಿಟ್ಟು ಪರೀಕ್ಷಿಸುವುದು.

2. ಇಂಜಿನ್ ಚಾಲೂ ಮಾಡಿ ಏಸಿ ಹಾಕುವುದು. ಆಗ ತಿರುಗುವ ಫ್ಯಾನು ಇಂಜಿನ್ ಬಿಸಿಯಾದಾಗ ಮಾತ್ರ ತಿರುಗದಿದ್ದರೆ, ಮೋಟಾರು ಸರಿಯಾಗಿದ್ದು ದೋಷ ಸೆನ್ಸರಿನ ಕಡೆಗಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಎರಡು ಫ್ಯಾನುಗಳಿರುವ ಕಾರಿನಲ್ಲಿ ಯಾವುದು ತಿರುಗುತ್ತಿದೆ ಎಂಬುದನ್ನು ಗುರುತಿಸಿಕೊಳ್ಳಬೇಕು.

3. ಯಾವ ಸಂದರ್ಭದಲ್ಲಿಯೂ ತಿರುಗದಿದ್ದರೆ ಫ್ಯೂಸ್ ನೋಡುವುದು. ರಿಲೇಯನ್ನು ಅದೇ ಪೆಟ್ಟಿಗೆಯಲ್ಲಿರುವ ಅದೇ ಸಂಖ್ಯೆಯ ಇನ್ನೊಂದು ರಿಲೇಯೊಂದಿಗೆ ಅದಲುಬದಲು ಮಾಡಿ ನೋಡುವುದು.

4. ಆಗಲೂ ಫಲವಿಲ್ಲದಿದ್ದರೆ, ಫ್ಯೂಸ್ ಉಳ್ಳ ತಂತಿಯ ಮೂಲಕ ಮೋಟಾರಿಗೆ ಬ್ಯಾಟರಿಯಿಂದ ನೇರ ವಿದ್ಯುತ್ ಕೊಡಿಸುವುದು. ತಿರುಗದಿದ್ದರೆ ಮಾತ್ರ ಮೋಟಾರು ಕೆಟ್ಟಿದೆ ಎನ್ನಬಹುದು. ಇದನ್ನು ತಿಳಿದವರ ಕೈಯಲ್ಲಿಯೇ ಮಾಡಿಸಬೇಕು.

5. ಸ್ಕ್ಯಾನರ್ ಜೋಡಿಸಿ ಕೂಲಂಟಿನ ತಾಪ ಓದುವುದು. ಸೆನ್ಸರಿನ ಕಪ್ಲರ್ ಕಳಚಿದ್ದರೆ ಅನೇಕ ಕಾರುಗಳಲ್ಲಿ ಮೈನಸ್ 40 ಡಿಗ್ರಿಯಂತಹ ಅಸಂಭವ ಅಂಕಿ ಕಾಣುತ್ತದೆ. ಇಂತಹ ಸ್ಥಿತಿಯಲ್ಲಿ ಹಲವು ಕಾರುಗಳ ನಿಯಂತ್ರಣ ಘಟಕವು ಮುನ್ನೆಚ್ಚರಿಕೆಯಾಗಿ ಫ್ಯಾನನ್ನು ನಿಲ್ಲದೆ ಓಡಿಸುತ್ತದೆ. ಸದಾ ಓಡುವ ಫ್ಯಾನು ಕೂಡ ಒಂದು ದೋಷಸೂಚನೆಯೇ.

ಒಳಗೆ ಉಳಿದ ಗಾಳಿಯ ವಿಚಾರ ವಿಶೇಷವಾಗಿ ಗಮನಾರ್ಹ. ಸೆನ್ಸರಿನ ತುದಿ ಕೂಲಂಟಿನಲ್ಲಿ ಮುಳುಗಿರದೆ ಗಾಳಿಯ ಗುಳ್ಳೆಯಲ್ಲಿದ್ದರೆ ಇಂಜಿನ್ ಕುದಿಯುತ್ತಿದ್ದರೂ ಅದಕ್ಕೆ ನಿಜವಾದ ಬಿಸಿ ತಿಳಿಯದು. ಫ್ಯಾನಿಗೆ ಆಜ್ಞೆ ಹೋಗದು. ಇಲ್ಲಿ ಯಾವ ಬಿಡಿಭಾಗವೂ ಕೆಟ್ಟಿರುವುದಿಲ್ಲ. ತಯಾರಕರು ಸೂಚಿಸಿದ ವಿಧಾನದಲ್ಲಿ ಗಾಳಿ ಹೊರಹಾಕಿ, ಫ್ಯಾನು ಎರಡು ಬಾರಿ ತಾನಾಗಿಯೇ ಚಾಲೂ ಆಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ತಣಿದ ಬಳಿಕ ಕೂಲಂಟಿನ ಮಟ್ಟವನ್ನು ಮತ್ತೆ ನೋಡಿದರೆ ಸಾಕು.

ತಿರುಗುವ ಫ್ಯಾನಿನಲ್ಲೂ ದೋಷ

ಫ್ಯಾನು ತಿರುಗುತ್ತಿದೆ ಎಂದ ಮಾತ್ರಕ್ಕೆ ಅದು ಸರಿಯಾಗಿದೆ ಎನ್ನುವಂತಿಲ್ಲ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಕಾರಿಗೆ ಹೊಸ ರೇಡಿಯೇಟರ್ ಹಾಕಿಸಿದರೆಂದು ಇಟ್ಟುಕೊಳ್ಳೋಣ. ಧಾರವಾಡದ ರಸ್ತೆಯಲ್ಲಿ ತೊಂದರೆಯಿಲ್ಲ. ಚೆನ್ನಮ್ಮ ವೃತ್ತದ ದಟ್ಟಣೆಯಲ್ಲಿ ಮಾತ್ರ ಮುಳ್ಳು ಏರುತ್ತದೆ, ಏಸಿಯ ತಂಪೂ ಕುಂದುತ್ತದೆ. ಬಾನೆಟ್ ತೆರೆದರೆ ಫ್ಯಾನು ರಭಸದಿಂದ ತಿರುಗುತ್ತಿದೆ. ಗ್ಯಾರೇಜಿನವರು ಫ್ಯಾನಿನ ಮೇಲಿನ ಅನುಮಾನ ಬಿಟ್ಟು ಥರ್ಮೋಸ್ಟಾಟ್, ವಾಟರ್ ಪಂಪು ಎಂದು ಒಂದೊಂದಾಗಿ ಬದಲಿಸುವ ಪಟ್ಟಿ ಕೊಡುತ್ತಾರೆ.

ಇಲ್ಲಿ ಬೇಕಾದುದು ಒಂದು ಹಾಳೆ ಕಾಗದ. ರೇಡಿಯೇಟರಿನ ಹಿಂಬದಿಯಲ್ಲಿ, ಅಂದರೆ ಇಂಜಿನಿನ ಕಡೆಗೆ, ಕೂರಿಸಿದ ಫ್ಯಾನು ಗಾಳಿಯನ್ನು ಮುಂದಿನಿಂದ ಒಳಕ್ಕೆ ಎಳೆಯಬೇಕು. ಮುಂಭಾಗದ ಜಾಲರಿಯ ಎದುರು ಹಿಡಿದ ಕಾಗದ ಒಳಕ್ಕೆ ಅಂಟಿಕೊಂಡರೆ ಫ್ಯಾನಿನ ದಿಕ್ಕು ಸರಿ. ಹೊರಕ್ಕೆ ಹಾರಿದರೆ ಉಲ್ಟಾ ತಿರುಗುತ್ತಿದೆ ಎಂದರ್ಥ. ಮುರಿದ ಕಪ್ಲರಿನ ಬದಲು ತಂತಿಗಳನ್ನು ನೇರವಾಗಿ ಸುತ್ತಿ ಟೇಪು ಹಚ್ಚುವಾಗ ಧನ ಮತ್ತು ಋಣ ತಂತಿಗಳು ಅದಲುಬದಲಾದರೆ ಸಾಮಾನ್ಯ ಡಿಸಿ ಮೋಟಾರು ಹೀಗೆ ಹಿಮ್ಮುಖವಾಗುತ್ತದೆ. ತಂತಿಗಳನ್ನು ಬದಲಿಸಿ ಭದ್ರವಾದ ಕಪ್ಲರ್ ಹಾಕಿದರೆ ದೋಷ ನೀಗುತ್ತದೆ. ಪಟ್ಟಿಯಲ್ಲಿದ್ದ ಯಾವ ಬಿಡಿಭಾಗದ ಖರ್ಚೂ ಬೇಕಾಗುವುದಿಲ್ಲ.

ಸುರಕ್ಷತೆ

ರೇಡಿಯೇಟರಿನ ಕೂಲಂಟ್ ಒತ್ತಡದಲ್ಲಿರುತ್ತದೆ. ವಾತಾವರಣಕ್ಕಿಂತ ಸುಮಾರು 1 ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು 120 ಡಿಗ್ರಿಯವರೆಗೂ ಕುದಿಯದೆ ನಿಲ್ಲಬಲ್ಲದು. ಬಿಸಿಯಲ್ಲಿ ಮುಚ್ಚಳ ತೆರೆದೊಡನೆ ಒತ್ತಡ ಇಳಿದು ಮುಖಕ್ಕೆ ಚಿಮ್ಮುತ್ತದೆ. ಪೂರ್ಣವಾಗಿ ತಣಿಯುವ ತನಕ ಮುಚ್ಚಳವನ್ನು ಮುಟ್ಟಲೇಬಾರದು. ಕೀಲಿ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನು ಹಠಾತ್ತನೆ ಚಾಲೂ ಆಗುವುದರಿಂದ ಕೈ ಹಾಕುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚುವುದು ಕ್ಷೇಮ. ಪ್ರಯಾಣದ ನಡುವೆ ಮುಳ್ಳು ಕೆಂಪು ಗೆರೆಗೆ ಬಂದರೆ ಏಸಿ ಆರಿಸಿ, ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಬೇಕು. "ಇನ್ನು ನಾಲ್ಕೇ ಮೈಲಿ" ಎಂಬ ಲೆಕ್ಕಾಚಾರ ತುಂಬಾ ದುಬಾರಿ.

ಕಾಗದಪತ್ರಗಳು

ಗ್ಯಾರೇಜಿನೊಡನೆ ವಿವಾದ ಹುಟ್ಟಿದಾಗ ನೆರವಿಗೆ ಬರುವುದು ದಾಖಲೆ. ವಾಹನ ಒಪ್ಪಿಸುವಾಗ ಜಾಬ್ ಕಾರ್ಡಿನಲ್ಲಿ ದೂರನ್ನು ಸ್ಪಷ್ಟವಾಗಿ ಬರೆಯಿಸಬೇಕು. "ಬಿಸಿಯಾಗುತ್ತದೆ" ಎಂದಷ್ಟೇ ಬರೆಯದೆ "ನಿಂತಾಗ ಹತ್ತು ನಿಮಿಷದಲ್ಲಿ ಬಿಸಿಯಾಗುತ್ತದೆ, ಏಸಿ ಹಾಕಿದರೂ ಫ್ಯಾನು ತಿರುಗದು" ಎಂಬಂತೆ ವಿವರವಿರಲಿ. ಅಂದಾಜು ವೆಚ್ಚವನ್ನು ಮುಂಚಿತವಾಗಿ ಪಡೆಯಬೇಕು. ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಕೇಳಬೇಕು. ಬಿಲ್ಲಿನಲ್ಲಿ ಬಿಡಿಭಾಗ ಮತ್ತು ಕೂಲಿ ಬೇರೆ ಬೇರೆಯಾಗಿದ್ದು, ಕೆಲಸದ ಖಾತರಿಯ ಅವಧಿಯೂ ನಮೂದಾಗಿರಬೇಕು.

ಸೇವೆಯ ಕೊರತೆಯ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ, ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಆದರೆ ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸೇವೆಗೆ ಈ ರಕ್ಷಣೆ ಇಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವರಿಗೆ ಮಾತ್ರ ವಿನಾಯಿತಿ ಇದೆ. ಸಂಸ್ಥೆಯ ಹೆಸರಿನಲ್ಲಿ ಕಾರು ಇಟ್ಟುಕೊಂಡವರು ಲಿಖಿತ ಖಾತರಿಗೆ ಹೆಚ್ಚಿನ ಮಹತ್ವ ನೀಡಬೇಕಾದುದು ಈ ಕಾರಣಕ್ಕಾಗಿ.

ತೆರಿಗೆಯ ದೃಷ್ಟಿಯಿಂದಲೂ ಕೆಲವು ಅಂಶಗಳಿವೆ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ, ಬಾಡಿಗೆ ಸಾರಿಗೆಯಂತಹ ನಿರ್ದಿಷ್ಟ ವ್ಯವಹಾರಗಳನ್ನು ಹೊರತುಪಡಿಸಿ, ದೊರೆಯುವುದಿಲ್ಲ. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ಗ್ಯಾರೇಜಿನವರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಪಾವತಿಸಿದರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಮಾನ್ಯವಾಗದು. ಸ್ವಂತ ಬಳಕೆಯೂ ಇರುವ ಕಾರಾದರೆ ಆ ಪಾಲನ್ನು ವ್ಯವಹಾರದ ಖರ್ಚಿನಿಂದ ಕಳೆಯಬೇಕು.

ಇಷ್ಟೆಲ್ಲ ಹೇಳುವ ಉದ್ದೇಶ ಮೆಕ್ಯಾನಿಕರನ್ನು ಅನುಮಾನಿಸಬೇಕೆಂದಲ್ಲ. ಯಾವ ಸ್ಥಿತಿಯಲ್ಲಿ ದೋಷ ಕಾಣುತ್ತದೆ, ಯಾವ ಪರೀಕ್ಷೆ ಆಗಿದೆ, ಫಲವೇನು ಎಂಬುದನ್ನು ಮಾಲೀಕನು ಬರೆದು ಒಪ್ಪಿಸಿದರೆ ಒಳ್ಳೆಯ ಮೆಕ್ಯಾನಿಕನ ಅರ್ಧ ದಿನ ಉಳಿಯುತ್ತದೆ. ವಾಹನ ಮರಳಿ ಪಡೆಯುವಾಗ ಹಣ ಪಾವತಿಸುವ ಮೊದಲು, ಗ್ಯಾರೇಜಿನ ಅಂಗಳದಲ್ಲಿಯೇ ಇಂಜಿನನ್ನು ಕಾಲು ಗಂಟೆ ಓಡಿಸಿ, ಫ್ಯಾನು ಚಾಲೂ ಆಗಿ ನಿಲ್ಲುವುದನ್ನು ಕಣ್ಣಾರೆ ನೋಡಿಕೊಳ್ಳುವುದು ಒಳಿತು.