ಪರಿಮಳ ಬರೆದ ಕೈ

ಗುರುವಾರ ಸಂಜೆ ಬಳ್ಳಾರಿಯ ರಾಘವೇಂದ್ರ ರಾಯರ ಮಠದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶ್ರಾವಣ ಬಂತೆಂದರೆ ಸಿರುಗುಪ್ಪದ ದಾರಿಯಲ್ಲಿ ಪಾದಯಾತ್ರಿಗಳ ಸಾಲು. ಮಂತ್ರಾಲಯಕ್ಕೆ ಹೋಗಿ ಬಂದವರು ಓಣಿಯ ಮನೆಮನೆಗೂ ಮಂತ್ರಾಕ್ಷತೆ, ಪರಿಮಳ ಪ್ರಸಾದ ಹಂಚುತ್ತಾರೆ. ನಾವು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತೇವೆ. ಪರಿಮಳ ಎಂಬುದು ಒಂದು ಗ್ರಂಥದ ಹೆಸರೂ ಹೌದು, ಅದನ್ನು ಬರೆದವರು ರಾಯರೇ ಎಂಬುದು ಆ ಸಾಲಿನಲ್ಲಿ ನಡೆಯುವ ಎಷ್ಟು ಜನಕ್ಕೆ ಗೊತ್ತು?

ಪವಾಡಗಳು ನಮಗೆ ಬಾಯಿಪಾಠ. 1966ರ ‘ಮಂತ್ರಾಲಯ ಮಹಾತ್ಮೆ’ ಸಿನಿಮಾದಲ್ಲಿ ರಾಜ್‌ಕುಮಾರ್ ಕಾವಿ ಉಟ್ಟು ಬಂದ ಮೇಲೆ ಎಷ್ಟೋ ಮನೆಗಳಲ್ಲಿ ರಾಯರ ಮುಖವೂ ಅದೇ ಆಯಿತು. ಭಕ್ತಿಗೆ ಅದರಿಂದ ಕೊರತೆಯಾಗಿಲ್ಲ. ಆದರೆ ಐವತ್ತು ವರ್ಷ ಒಂದು ಮಠವನ್ನು ನಡೆಸುತ್ತಲೇ ಓಲೆಗರಿಯ ಮೇಲೆ ದ್ವೈತ ವೇದಾಂತದ ಕಗ್ಗಂಟುಗಳನ್ನು ಬಿಡಿಸಿದ ಪಂಡಿತ ಮಾತ್ರ ಜನರ ಕಣ್ಣಿನಿಂದ ಮರೆಯಾದ.

ಸನ್ಯಾಸಕ್ಕೆ ಮುಂಚೆ ಅವರು ವೆಂಕಟನಾಥ. ವಿಜಯನಗರ ಬಿದ್ದ ಮೇಲೆ ತಮಿಳು ಸೀಮೆಗೆ ಹೋಗಿ ನೆಲೆಸಿದ ಮನೆತನ. ಹುಟ್ಟಿದ್ದು ಭುವನಗಿರಿಯಲ್ಲಿ, ತಂದೆ ತಿಮ್ಮಣ್ಣಭಟ್ಟರು, ತಾಯಿ ಗೋಪಿಕಾಂಬೆ. ಮುತ್ತಾತ ಕೃಷ್ಣದೇವರಾಯನಿಗೆ ವೀಣೆ ಕಲಿಸಿದವರೆಂದು ಹೇಳುತ್ತಾರೆ. ವೆಂಕಟನಾಥರೂ ವೀಣೆ ನುಡಿಸುತ್ತಿದ್ದರು. ‘ಧೀರ ವೇಣುಗೋಪಾಲ’ ಅಂಕಿತದ ಒಂದು ಕನ್ನಡ ಕೀರ್ತನೆ ಅವರದೆಂದು ಇಂದಿಗೂ ಹಾಡುತ್ತೇವೆ.

ಕುಂಭಕೋಣದಲ್ಲಿ ಸುಧೀಂದ್ರತೀರ್ಥರ ಬಳಿ ಪಾಠ. ಅಲ್ಲಿಯ ಒಂದು ರಾತ್ರಿಯ ಕಥೆ ನನಗೆ ಎಲ್ಲ ಪವಾಡಗಳಿಗಿಂತ ದೊಡ್ಡದು. ಹಗಲೆಲ್ಲ ಕೇಳಿದ ಪಾಠಕ್ಕೆ ರಾತ್ರಿ ಕುಳಿತು ಟಿಪ್ಪಣಿ ಬರೆಯುವುದು ವೆಂಕಟನಾಥರ ರೂಢಿ. ಒಂದು ರಾತ್ರಿ ಗುರುಗಳು ಎದ್ದು ಬಂದು ನೋಡಿದರೆ ಶಿಷ್ಯ ಬರಿನೆಲದ ಮೇಲೆ ಚಳಿಗೆ ಮುದುಡಿ ಮಲಗಿದ್ದ. ಪಕ್ಕದಲ್ಲಿ ಬರೆದ ಓಲೆಗಳು. ಓದಿದರು. ಹಿಂದಿನ ದಿನ ಪಾಠದಲ್ಲಿ ಬಿಡಿಸಲಾಗದೆ ಉಳಿದಿದ್ದ ಗಂಟು ಅಲ್ಲಿ ಬಿಚ್ಚಿಕೊಂಡಿತ್ತು. ತಮ್ಮ ಶಾಲನ್ನು ಶಿಷ್ಯನಿಗೆ ಹೊದಿಸಿ, ಓಲೆಗಳನ್ನು ಎತ್ತಿಕೊಂಡು ಹೋದರು. ಬೆಳಿಗ್ಗೆ ಎದ್ದ ಹುಡುಗನಿಗೆ ಮೈಮೇಲಿನ ಶಾಲು ಯಾರದೆಂದು ತಿಳಿದು ಗಾಬರಿ. ಗುರುಗಳು ಕೊಟ್ಟದ್ದು ‘ಪರಿಮಳಾಚಾರ್ಯ’ ಎಂಬ ಬಿರುದು.

ಬಿಡಿಸಲಾಗದ ಗಂಟೆಂದರೆ ಏನು? ಬಾದರಾಯಣರ ಬ್ರಹ್ಮಸೂತ್ರಗಳಿಗೆ ಮಧ್ವಾಚಾರ್ಯರು ‘ಅನುವ್ಯಾಖ್ಯಾನ’ ಬರೆದರು. ಅದಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಜಯತೀರ್ಥರು ‘ನ್ಯಾಯಸುಧಾ’ ಎಂಬ ಟೀಕೆ ಬರೆದರು. ಸುಧಾ ಓದುವುದೆಂದರೆ ಇಂದಿಗೂ ವರ್ಷಗಳ ಕೆಲಸ. ಓದಿ ಮುಗಿಸಿದರೆ ಮಠಗಳಲ್ಲಿ ‘ಸುಧಾ ಮಂಗಳ’ವೆಂದು ಹಬ್ಬ ಮಾಡುತ್ತಾರೆ. ಆ ಸುಧೆಗೆ ರಾಯರ ‘ಪರಿಮಳ’ ಟಿಪ್ಪಣಿ. ತನ್ನ ಮಾತನ್ನು ಹಿಂದಿಟ್ಟು ಇನ್ನೊಬ್ಬರ ಮಾತಿನ ಬಾಗಿಲು ತೆರೆದುಕೊಡುವ ಕೆಲಸ ಅದು. ಹೆಸರು ಮಾಡುವ ಆಸೆಯಿದ್ದವರು ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ವಿದ್ಯೆ ಬೆಳೆಯಿತು, ಮನೆಯಲ್ಲಿ ಅನ್ನ ಇರಲಿಲ್ಲ. ಹೆಂಡತಿ ಸರಸ್ವತಿ, ಮಗು ಲಕ್ಷ್ಮೀನಾರಾಯಣ, ಒಲೆ ಹಚ್ಚದ ದಿನಗಳು. ಸುಧೀಂದ್ರರು ಪೀಠಕ್ಕೆ ಬಾ ಎಂದಾಗ ವೆಂಕಟನಾಥರು ಒಪ್ಪಲಿಲ್ಲ. ಹೆಂಡತಿ ಚಿಕ್ಕವಳು, ಮಗನಿಗೆ ಉಪನಯನ ಆಗಿಲ್ಲ ಎಂದರು. ಕೊನೆಗೆ 1621ರಲ್ಲಿ ತಂಜಾವೂರಿನಲ್ಲಿ ಸನ್ಯಾಸ ಪಡೆದು ರಾಘವೇಂದ್ರತೀರ್ಥರಾದರು. ಆ ದುಃಖ ತಾಳದೆ ಸರಸ್ವತಿ ಹಾಳುಬಾವಿಗೆ ಬಿದ್ದು ಪ್ರಾಣ ಬಿಟ್ಟರೆಂದು ಪರಂಪರೆಯೇ ಹೇಳುತ್ತದೆ. ಹರಿಕಥೆಯಲ್ಲಿ ಈ ಭಾಗ ಬೇಗ ಮುಗಿದುಹೋಗುತ್ತದೆ. ಮುಗಿಯಬಾರದು. ಒಬ್ಬ ಗುರು ನಾಡಿಗೆ ಸಿಕ್ಕಿದ್ದರ ಬೆಲೆಯನ್ನು ತೆತ್ತವಳು ಆ ಹೆಣ್ಣುಮಗಳು.

ಪೀಠ ಬೇಡವೆಂದ ಇನ್ನೊಬ್ಬ ಪಂಡಿತರ ನೆನಪಾಗುತ್ತದೆ. ಹನ್ನೊಂದನೆಯ ಶತಮಾನದ ಕ್ರೈಸ್ತ ಸನ್ಯಾಸಿ ಆನ್ಸೆಲ್ಮ್. ಇಟಲಿಯ ಆವೋಸ್ತಾದಲ್ಲಿ ಹುಟ್ಟಿ, ನಾರ್ಮಂಡಿಯ ಬೆಕ್ ಮಠ ಸೇರಿ, 1078ರಲ್ಲಿ ಅದರ ಮಠಾಧಿಪತಿಯಾದವರು. ತನ್ನನ್ನು ಆರಿಸಬೇಡಿರೆಂದು ಮಠದ ಸೋದರರನ್ನು ಅವರು ಬೇಡಿಕೊಂಡಿದ್ದರು. ಜೊತೆಯವರ ಒತ್ತಾಯಕ್ಕೆ ಪಾಠದ ವಿಚಾರಗಳನ್ನೇ ಬರೆದಿಟ್ಟರು. ನಂಬಿದ್ದನ್ನು ಬುದ್ಧಿಯಿಂದಲೂ ಅರಿಯಬೇಕೆಂಬುದು ಅವರ ಹಟ. 1949ರಲ್ಲೇ ಕ್ಯಾಥೊಲಿಕ್ ಧರ್ಮಪ್ರಾಂತ್ಯವಾದ ನಮ್ಮ ಬಳ್ಳಾರಿಯಲ್ಲಿ ಆನ್ಸೆಲ್ಮರ ಹೆಸರು ಬಲ್ಲವರು ಇದ್ದಾರೆ. ಅವರಿಗೆ ರಾಯರ ಈ ಮುಖ ತಟ್ಟನೆ ಗುರುತು ಸಿಗುತ್ತದೆ.

ಮಠವೆಂದರೆ ಪಾಠಶಾಲೆ ಎಂಬುದು ಈ ನೆಲಕ್ಕೆ ಹೊಸದೂ ಅಲ್ಲ. ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನಿಗೆ ಕೈಮುಗಿದು ಹಾಗೇ ಹಳೆಯ ಶಿವಾಲಯಗಳತ್ತ ನಡೆದರೆ ಹನ್ನೆರಡನೆಯ ಶತಮಾನದ ಕಲ್ಲುಗಳು ಎದುರಾಗುತ್ತವೆ. ಅದೇ ಶತಮಾನದಲ್ಲಿ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ಕಾಳಾಮುಖ ಶೈವ ಯತಿಗಳು ವ್ಯಾಕರಣ, ದರ್ಶನ ಕಲಿಸುತ್ತಿದ್ದರು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದರು ಎಂದು 1162ರ ಶಾಸನ ಸಾರುತ್ತದೆ.

ರಾಯರು ಬರೆದದ್ದು ಒಂದೆರಡಲ್ಲ. ಗೀತೆಗೆ ‘ಗೀತಾವಿವೃತಿ’, ಋಗ್ವೇದದ ಮೊದಲ ನಲವತ್ತು ಸೂಕ್ತಗಳಿಗೆ ‘ಮಂತ್ರಾರ್ಥಮಂಜರಿ’, ಉಪನಿಷತ್ತುಗಳಿಗೆ ಖಂಡಾರ್ಥ, ಸೂತ್ರಗಳಿಗೆ ‘ತಂತ್ರದೀಪಿಕಾ’. ನನಗೆ ಬೆರಗು ಹುಟ್ಟಿಸುವುದು ‘ಭಾಟ್ಟಸಂಗ್ರಹ’. ಅದು ಪೂರ್ವಮೀಮಾಂಸೆಯ ಗ್ರಂಥ, ಕುಮಾರಿಲಭಟ್ಟರ ದಾರಿ ಹಿಡಿದದ್ದು. ಮಧುರೆಯಲ್ಲಿ ಅದನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಿದವರು ಅದ್ವೈತಿ ಅಪ್ಪಯ್ಯ ದೀಕ್ಷಿತರ ವಂಶದ ನೀಲಕಂಠ ದೀಕ್ಷಿತರು ಎಂದು ಸಂಪ್ರದಾಯ ನೆನೆಯುತ್ತದೆ. ಮತಗಳ ವಾದ ಅಷ್ಟು ಬಿಸಿಯಾಗಿದ್ದ ಕಾಲದಲ್ಲೂ ಎದುರು ಪಕ್ಷದವರು ವಿದ್ಯೆಗೆ ಆನೆ ಕಟ್ಟಿದರು.

ಕೊನೆಗಾಲದಲ್ಲಿ ಅವರು ಬಂದದ್ದು ನಮ್ಮ ತುಂಗಭದ್ರೆಯ ದಡಕ್ಕೆ. ಆಚೆ ದಡದ ಬಿಚ್ಚಾಲೆಯಲ್ಲಿ ಶಿಷ್ಯ ಅಪ್ಪಣ್ಣಾಚಾರ್ಯರು. ಈಚೆ ಮಂಚಾಲಮ್ಮನ ಊರು ಮಂಚಾಲೆ, ಇಂದಿನ ಮಂತ್ರಾಲಯ. ಆದವಾನಿಯನ್ನು ಬಿಜಾಪುರದ ಪರವಾಗಿ ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಆ ಊರನ್ನು ಬಿಟ್ಟುಕೊಟ್ಟ. 1671ರ ಶ್ರಾವಣ ಬಹುಳ ಬಿದಿಗೆಯಂದು ರಾಯರು ಅಲ್ಲಿ ಬೃಂದಾವನ ಪ್ರವೇಶ ಮಾಡಿದರು. ಕಂಪನಿ ಸರಕಾರದ ಕಲೆಕ್ಟರ್ ಥಾಮಸ್ ಮನ್ರೋ ಇನಾಮಿನ ವಿಚಾರಣೆಗೆ ಹೋಗಿ ಬೃಂದಾವನದೊಳಗಿನ ರಾಯರ ದನಿ ಕೇಳಿದನೆಂಬ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಮಂತ್ರಾಲಯ 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತೆಂಬುದು ಇಂದಿನ ಹುಡುಗರಿಗೆ ಅಚ್ಚರಿ. ಆ ವರ್ಷ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಬಂದರೂ ಜನರ ನಡಿಗೆ ನಿಲ್ಲಲಿಲ್ಲ.

ಆ ನಡಿಗೆಯ ದಾರಿಗೆ ಹತ್ತಿರದಲ್ಲೇ, ಸಿರುಗುಪ್ಪದ ಪಕ್ಕ, ಹೊಳೆಯ ದಂಡೆಯಲ್ಲಿ ಕೆಂಚನಗುಡ್ಡವಿದೆ. ರಾಯರ ಪೀಠದಲ್ಲೇ ಮುಂದೆ ಕುಳಿತ ವಸುಧೇಂದ್ರತೀರ್ಥರ ಬೃಂದಾವನ ಅಲ್ಲಿದೆ. ಅವರು ಹರಿಪಾದ ಸೇರಿದ್ದು 1761ರಲ್ಲಿ. ಮಂಚಾಲೆಯಲ್ಲಿ ನಿಂತ ಪಾಠ ಮುಂದಿನ ಶತಮಾನಕ್ಕೆ ಹರಿದದ್ದು ಇಂಥವರ ಕೈಯಿಂದ. ಮಂತ್ರಾಲಯದ ಜನಸಾಗರ ಇಲ್ಲಿ ಕಾಣುವುದಿಲ್ಲ. ಕುಳಿತು ಯೋಚಿಸಲು ಬೇಕಾದಷ್ಟು ನೆರಳು, ನೀರಿನ ಸದ್ದು ಇದೆ.

ರಾಯರ ಬದುಕನ್ನು ಅವರ ಕಾಲದಲ್ಲೇ ಸಂಸ್ಕೃತದಲ್ಲಿ ಬರೆದವರು ಅಕ್ಕನ ಮಗ ನಾರಾಯಣಾಚಾರ್ಯರು. ‘ರಾಘವೇಂದ್ರವಿಜಯ’ ಎಂಬ ಆ ಕಾವ್ಯಕ್ಕೆ ಕನ್ನಡ ಅನುವಾದಗಳಿವೆ, ಗೀತಾವಿವೃತಿಗೂ ಇವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮಠಗಳವರಲ್ಲಿ, ಭಜನಾ ಮಂಡಳಿಯ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಗುರುವಾರದ ಭಜನೆ ಮುಗಿದ ಮೇಲೆ, ಮಂಗಳಾರತಿಗೆ ಮುಂಚೆ, ಇವುಗಳಲ್ಲಿ ಒಂದರಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ. ಹತ್ತು ನಿಮಿಷ ಸಾಕು. ಈ ಶ್ರಾವಣದಲ್ಲಿ ನಡೆದು ಹೋಗುವವರು ಸಿರುಗುಪ್ಪದಲ್ಲಿ ಸ್ವಲ್ಪ ದಾರಿ ತಿರುಗಿಸಿ, ಕೆಂಚನಗುಡ್ಡಕ್ಕೂ ಒಂದು ಪ್ರದಕ್ಷಿಣೆ ಹಾಕಿ ಹೋಗಿ.