ದೊಡ್ಡ ಕ್ರೇನ್, ದೊಡ್ಡ ಡಂಪರ್: ಎತ್ತುವುದಲ್ಲ, ತಡೆಯುವುದೇ ಕಷ್ಟ



ಊರಿಗೆ ಜೆಸಿಬಿ ಬಂತೆಂದರೆ ಸಾಕು, ನಾವೆಲ್ಲ ಓಡಿಹೋಗಿ ಸುತ್ತ ನಿಲ್ಲುತ್ತೇವೆ. ಹೊಲಕ್ಕೆ ಒಡ್ಡು ಹಾಕುವುದಿರಲಿ, ಬಾವಿ ತೋಡುವುದಿರಲಿ, ತಾಸುಗಟ್ಟಲೆ ಅಲ್ಲಿಂದ ಕದಲುವುದಿಲ್ಲ. ಆದರೆ ಈ ಜಾತಿಯ ಯಂತ್ರಗಳಲ್ಲಿ ಜೆಸಿಬಿ ಅಂದರೆ ಇನ್ನೂ ಹಾಲು ಕುಡಿಯುವ ಕರು. ಎತ್ತುಗಳು ಬೇರೆ ಇವೆ. ಅವು ಗಣಿಗಳಲ್ಲಿ, ಅಣೆಕಟ್ಟುಗಳಲ್ಲಿ, ಬಂದರುಗಳಲ್ಲಿ ದುಡಿಯುತ್ತವೆ. ಅವುಗಳ ಬಗ್ಗೆ ಈ ಸಲ ಬರೆಯುತ್ತಿದ್ದೇನೆ. ನಮ್ಮ ಕಾಕಾ ವಾಡಿ ಕಡೆಯ ಒಂದು ಸುಣ್ಣದ ಕಲ್ಲಿನ ಗಣಿಯಲ್ಲಿ ಡಂಪರ್ ಓಡಿಸುತ್ತಾರೆ. ಅವರನ್ನು ಕೇಳಿ ಕೇಳಿ ಬೇಸರ ಮಾಡಿದ್ದೇನೆ. ಉಳಿದದ್ದನ್ನು ವಿಜ್ಞಾನದ ಗುರುಗಳು ತಿಳಿಸಿಕೊಟ್ಟರು.

"ಎಷ್ಟು ಟನ್ ಎತ್ತತದ? ಎಷ್ಟು ಟನ್ ಹೊರತದ?" ಎಂದು ಎಲ್ಲರೂ ಕೇಳುತ್ತಾರೆ. ನಾನೂ ಮೊದಲು ಅದನ್ನೇ ಕೇಳಿದೆ. ಅದಕ್ಕೆ ಕಾಕಾ, "ಎಳಿಯೋದೇನ್ ದೊಡ್ಡದಲ್ಲ ಯವ್ವಾ, ತಡೆಯೋದು ದೊಡ್ಡದದ" ಎಂದರು. ಈ ಮಾತು ಡಂಪರಿಗೂ ಸರಿ, ಕ್ರೇನಿಗೂ ಸರಿ. ಹೇಗೆ ಅಂತ ನೋಡೋಣ.

ಮೊದಲು ಕ್ರೇನ್. ಆಳಂದ ತಾಲೂಕಿನ ಭೂಸನೂರು, ಅಫಜಲಪುರ ತಾಲೂಕಿನ ಹವಳಗಾ, ಈ ಎರಡೂ ಊರಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ಟ್ರ್ಯಾಕ್ಟರ್ ಜೊತೆ ಕಾರ್ಖಾನೆಯ ಒಳಗೆ ಹೋದವರು ಕ್ರೇನ್ ನೋಡಿರುತ್ತಾರೆ. ಮೇಲಿನಿಂದ ಕೊಂಡಿ ಇಳಿಯುತ್ತದೆ, ಟ್ರೇಲರಿನ ಕಬ್ಬನ್ನು ಸರಪಳಿ ಸಮೇತ ಎತ್ತುತ್ತದೆ, ಆ ಕಡೆ ಉರುಳಿಸುತ್ತದೆ. ಈ ಕ್ರೇನಿಗೆ ಬೀಳುವ ಭಯ ಕಡಿಮೆ. ಯಾಕಂದರೆ ಅದರ ತೊಲೆ ಎರಡೂ ಕಡೆಯ ಹಳಿಗಳ ಮೇಲೆ ಕೂತಿರುತ್ತದೆ, ಮನೆಯ ಜಂತಿ ಎರಡು ಗೋಡೆಗಳ ಮೇಲೆ ಕೂತ ಹಾಗೆ. ಭಯ ಇರುವುದು ಒಂಟಿ ಕೈ ಚಾಚುವ ಕ್ರೇನಿಗೆ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿರಿ. ತುಂಬಿದ ಕೊಡವನ್ನು ಎದೆಗೆ ಅವುಚಿ ಹಿಡಿದರೆ ಹತ್ತು ಹೆಜ್ಜೆ ನಡೆಯಬಹುದು. ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿಯಿರಿ, ಆಗುವುದಿಲ್ಲ. ಕೊಡದ ತೂಕ ಹೆಚ್ಚಾಯಿತೇ? ಇಲ್ಲ, ದೂರ ಹೆಚ್ಚಾಯಿತು. ಕ್ರೇನಿನ ಲೆಕ್ಕವೂ ಇದೇ: ತೂಕವನ್ನು ದೂರದಿಂದ ಗುಣಿಸಬೇಕು. ಒಂದು ಕ್ರೇನ್ 3 ಮೀಟರ್ ದೂರದಲ್ಲಿ 50 ಟನ್ ಎತ್ತುತ್ತದೆ ಎಂದುಕೊಳ್ಳಿ. 50 ಗುಣಿಲೆ 3 ಅಂದರೆ 150. ಕೈಯನ್ನು 15 ಮೀಟರಿಗೆ ಚಾಚಿದರೆ? 150ನ್ನು 15ರಿಂದ ಭಾಗಿಸಿ, ಬರೀ 10 ಟನ್. ನಿಜದಲ್ಲಿ ಅದಕ್ಕಿಂತಲೂ ಕಡಿಮೆ, ಏಕೆಂದರೆ ಕ್ರೇನಿನ ಕೈಗೂ ತೂಕ ಇರುತ್ತದಲ್ಲ. ಹೀಗಾಗಿ '50 ಟನ್ನಿನ ಕ್ರೇನ್' ಅಂದರೆ ಎಲ್ಲೆಂದರಲ್ಲಿ 50 ಟನ್ ಎತ್ತುತ್ತದೆ ಅಂತ ಅರ್ಥ ಅಲ್ಲ. ಎಷ್ಟು ದೂರಕ್ಕೆ ಎಷ್ಟು ತೂಕ ಎಂಬ ಕೋಷ್ಟಕ ಡ್ರೈವರನ ಹತ್ತಿರ ಇರುತ್ತದೆ. ನಮ್ಮ ಮಗ್ಗಿಯ ಹಾಗೆ ಅದನ್ನು ನೋಡದೆ ಎತ್ತುವ ಹಾಗಿಲ್ಲ.

ಒಂದು ಕೈಯಲ್ಲಿ ಕೊಡ ಹಿಡಿದಾಗ ನಾವು ತಾನಾಗಿಯೇ ಇನ್ನೊಂದು ಕಡೆ ವಾಲುತ್ತೇವೆ. ಕ್ರೇನಿಗೆ ವಾಲಲು ಬರುವುದಿಲ್ಲ, ಅದಕ್ಕೆ ಅದರ ಬೆನ್ನಿಗೆ ಕಬ್ಬಿಣದ ಇಲ್ಲವೆ ಕಾಂಕ್ರೀಟಿನ ದೊಡ್ಡ ಗಟ್ಟಿಗಳನ್ನು ಹೇರಿರುತ್ತಾರೆ. ತಕ್ಕಡಿಯ ಒಂದು ಪರಡಿಯಲ್ಲಿ ಸಾಮಾನು, ಇನ್ನೊಂದರಲ್ಲಿ ಕಲ್ಲು ಇದ್ದ ಹಾಗೆ. ಟೈರಿನ ಕ್ರೇನ್ ಆದರೆ ನಾಲ್ಕು ಕಬ್ಬಿಣದ ಕಾಲು ಚಾಚಿ ನೆಲಕ್ಕೆ ಊರುತ್ತದೆ. ಇಲ್ಲಿ ನಮ್ಮ ಕಡೆಯ ಒಂದು ತೊಂದರೆ ಇದೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿದು ನಿಲ್ಲುತ್ತದೆ, ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಒಂದು ಕಾಲು ಒಂದು ಗೇಣು ಕುಸಿದರೂ ಮೇಲಿನ ಉದ್ದ ಕೈಯ ತುದಿ ಎಷ್ಟೋ ಅಡಿ ಆಚೆ ಸರಿಯುತ್ತದೆ. ದೂರ ಹೆಚ್ಚಾಯಿತು, ಲೆಕ್ಕ ತಪ್ಪಿತು, ಕ್ರೇನ್ ಮಗುಚಿತು. ಆದ್ದರಿಂದ ಕಾಲಿನ ಕೆಳಗೆ ದಪ್ಪ ಹಲಗೆ, ಉಕ್ಕಿನ ತಗಡು ಹಾಸಿ ಭಾರವನ್ನು ಹರಡುತ್ತಾರೆ. ಕೆಸರಿನಲ್ಲಿ ಎಮ್ಮೆಯ ಗೊರಸು ಹೂಳುತ್ತದೆ, ಹಲಗೆಯ ಮೇಲೆ ನಿಂತರೆ ಹೂಳುವುದಿಲ್ಲ, ಅಷ್ಟೇ ವಿಷಯ.

ಎತ್ತುವ ಕೆಲಸ ಮಾತ್ರ ಸುಲಭ! ಬಾವಿಯ ಗಡಗಡಿ ನಿಮಗೆ ಗೊತ್ತು. ಗಡಗಡಿ ಒಂದೇ ಇದ್ದರೆ ಎಳೆಯುವ ಬಲ ಕಡಿಮೆಯಾಗುವುದಿಲ್ಲ, ಎಳೆಯುವ ದಿಕ್ಕು ಮಾತ್ರ ಅನುಕೂಲವಾಗುತ್ತದೆ. ಆದರೆ ಕೊಂಡಿಗೂ ಗಡಗಡಿ ಕಟ್ಟಿ ಹಗ್ಗವನ್ನು ಮೇಲೆ ಕೆಳಗೆ ಹತ್ತು ಎಳೆಯಾಗಿ ಸುತ್ತಿದರೆ 100 ಟನ್ ಭಾರ ಹತ್ತು ಎಳೆಗಳಿಗೆ ಹಂಚಿಹೋಗಿ ಒಂದೊಂದು ಎಳೆಗೆ 10 ಟನ್ ಬೀಳುತ್ತದೆ. ಪುಕ್ಕಟೆ ಏನೂ ಸಿಗುವುದಿಲ್ಲ, ಭಾರ ಒಂದು ಮೀಟರ್ ಏರಬೇಕಾದರೆ ಹಗ್ಗ ಹತ್ತು ಮೀಟರ್ ಸುತ್ತಬೇಕು. ದೊಡ್ಡ ಕ್ರೇನಿನ ಕೊಂಡಿ ಅಷ್ಟು ನಿಧಾನ ಏರುವುದು ಇದಕ್ಕೇ.

ಇಂಗ್ಲೆಂಡಿನ ಹಿಂಕ್ಲಿ ಪಾಯಿಂಟ್ ಎಂಬಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟುವಾಗ 'ಬಿಗ್ ಕಾರ್ಲ್' ಎಂಬ ಕ್ರೇನ್ ತಂದರು. ಅದು 5,000 ಟನ್ ವರೆಗೆ ಎತ್ತಬಲ್ಲದು. 2023ರ ಡಿಸೆಂಬರಿನಲ್ಲಿ ಅದು ಎತ್ತಿಟ್ಟ ಉಕ್ಕಿನ ಗುಮ್ಮಟದ ತೂಕ ಮಾತ್ರ 245 ಟನ್. 245 ಟನ್ನಿಗೆ 5,000 ಟನ್ನಿನ ಕ್ರೇನ್ ಯಾಕೆ ಅಂತ ನಗಬೇಡಿರಿ. ಎತ್ತರದ ಕಟ್ಟಡದ ನಡುವಿಗೆ ದೂರದಿಂದ ಕೈ ಚಾಚಬೇಕು. ಕೊಡದ ಲೆಕ್ಕ ನೆನಪಿಸಿಕೊಳ್ಳಿರಿ.

ನಮ್ಮ ಕರ್ನಾಟಕದಲ್ಲೇ ಕ್ರೇನ್ ಮಾಡಿದ ಒಂದು ದೊಡ್ಡ ಕೆಲಸವಿದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಅಲ್ಲಿ ಒಟ್ಟು 33 ಗೇಟು. ಅಣೆ ತುಂಬಿ ನಿಂತಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮತ್ತು ಆಂಧ್ರ, ತೆಲಂಗಾಣದ ರೈತರ ನೀರು ಕಣ್ಣೆದುರೇ ಹರಿದುಹೋಗುತ್ತಿತ್ತು. ಗೇಟಿನ ಅಳತೆ 60 ಅಡಿ ಅಗಲ, 20 ಅಡಿ ಎತ್ತರ. ಗುರುಗಳ ಜೊತೆ ಕೂತು ಲೆಕ್ಕ ಹಾಕಿದೆ: ಇಷ್ಟು ದೊಡ್ಡ ಗೇಟಿನ ತುದಿಯವರೆಗೆ ನೀರು ನಿಂತರೆ ಅದನ್ನು ತಳ್ಳುವ ಬಲ ಸುಮಾರು 340 ಟನ್ ಭಾರಕ್ಕೆ ಸಮ! ಹರಿಯುವ ನೀರಿಗೆ ಅಂಥ ಇಡೀ ಗೇಟನ್ನು ಒಂದೇ ಸಲ ಇಳಿಸುವುದು ಹೇಗೆ? ಗೇಟು ತಜ್ಞರಾದ ಕನ್ನಯ್ಯ ನಾಯ್ಡು ಅವರು ಅದನ್ನು 4 ಅಡಿ ಎತ್ತರದ ಐದು ಪಟ್ಟಿಗಳಾಗಿ ಮಾಡಿಸಿದರು. ನಾಲ್ಕೈದಲೆ ಇಪ್ಪತ್ತು. ನೀರು ಹರಿಯುತ್ತಿರುವಾಗಲೇ ಕ್ರೇನಿನಿಂದ ಒಂದರ ಮೇಲೊಂದು ಪಟ್ಟಿಯನ್ನು ಕಂಬಗಳ ಗಾಡಿಯಲ್ಲಿ ಇಳಿಸಿದರು. ಮೊದಲನೆಯದು ಆಗಸ್ಟ್ 16ಕ್ಕೆ ಕೂತಿತು, ಮರುದಿನ ಐದೂ ಕೂತು ನೀರು ನಿಂತಿತು. ಅಲ್ಲಿ ಕ್ರೇನಿನ ಹಗ್ಗ ತೂಗಾಡದಂತೆ ಹಿಡಿದು, ಅಂಗುಲ ಅಂಗುಲ ಇಳಿಸಿದ ಡ್ರೈವರರ ಹೆಸರನ್ನು ಯಾರೂ ಕೇಳಲಿಲ್ಲ ಅಂತ ನನಗೆ ಅನಿಸುತ್ತದೆ. ನಮ್ಮ ಭೀಮಾ ನದಿಯ ಸೊನ್ನ ಬ್ಯಾರೇಜಿಗೂ ಗೇಟುಗಳೇ ಇರುವುದು.

ಇನ್ನು ಡಂಪರ್. ಜೇವರ್ಗಿಯಿಂದ ಕಟ್ಟಿಸಂಗಾವಿ ಸೇತುವೆ ದಾಟಿ ಭೀಮಾದ ಆ ಕಡೆ ಹೋದರೆ ಶಹಾಬಾದ, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ. ಆ ಸೀಮೆಯ ನೆಲದ ಕೆಳಗೆ ಸುಣ್ಣದ ಕಲ್ಲು. ನಮ್ಮ ಮನೆಯಲ್ಲಿ ಹಾಸಿದ ಶಹಾಬಾದ ಫರಸಿಯೂ ಅದೇ ಜಾತಿಯ ಕಲ್ಲು. ಅದನ್ನು ಮದ್ದು ಹಾಕಿ ಒಡೆದು, ಡಂಪರಿನಲ್ಲಿ ಹೊತ್ತು ತಂದು, ಪುಡಿ ಮಾಡಿ ಸುಟ್ಟು ಸಿಮೆಂಟ್ ಮಾಡುತ್ತಾರೆ. ವಾಡಿಯ ಸಿಮೆಂಟ್ ಕಾರ್ಖಾನೆ 1968ರಷ್ಟು ಹಳೆಯದು.

ಕಾಕಾ ಓಡಿಸುವ ಡಂಪರ್ 60 ಟನ್ನಿನದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ 600 ಕ್ವಿಂಟಲ್ ತೊಗರಿ ಒಂದೇ ಸಲಕ್ಕೆ. ಇದು ಸಣ್ಣದು! 1964ರಲ್ಲಿ ಶುರುವಾದ ನಮ್ಮ ಬಿಇಎಂಎಲ್ ಕಂಪನಿ ಮೈಸೂರಿನಲ್ಲಿ ಡಂಪರ್ ತಯಾರಿಸುತ್ತದೆ. ಅವರ ಬಿಎಚ್ 205-ಇ ಎಂಬುದು 205 ಟನ್ ಹೊರುತ್ತದೆ. ಎಲ್ಲಕ್ಕಿಂತ ದೊಡ್ಡದು ಬೆಲಾರುಸ್ ದೇಶದ ಬೆಲಾಜ್ 75710, 2013ರಲ್ಲಿ ಬಂತು. ಅದರದೇ ತೂಕ 360 ಟನ್, ಹೊರುವುದು 450 ಟನ್, ಎರಡೂ ಸೇರಿ 810 ಟನ್. ಟೈರು ಎಂಟು. ಒಂದೊಂದು ಟೈರಿನ ಮೇಲೆ ನೂರು ಟನ್ ಬಿತ್ತು ಅಂತಾಯಿತು.

ದೊಡ್ಡ ಡಂಪರುಗಳಲ್ಲಿ ಬಹಳಷ್ಟಕ್ಕೆ ಲಾರಿಯ ಹಾಗೆ ಗೇರ್ ಇರುವುದಿಲ್ಲ. ಡೀಸೆಲ್ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಆ ಕರೆಂಟು ಹಿಂದಿನ ಗಾಲಿಗಳ ಮೋಟಾರಿಗೆ ಹೋಗುತ್ತದೆ. ರೈಲಿನ ಡೀಸೆಲ್ ಎಂಜಿನ್ನೂ ಹೀಗೆಯೇ. ಇದರ ನಿಜವಾದ ಲಾಭ ಇಳಿಜಾರಿನಲ್ಲಿ. ನಮ್ಮ ಕಡೆಯ ಗಣಿ ನೆಲದ ಕೆಳಗೆ ಇರುವುದರಿಂದ ತುಂಬಿದ ಡಂಪರ್ ಏರುತ್ತಾ ಬರುತ್ತದೆ. ಆದರೆ ಸಂಡೂರಿನ ದೋಣಿಮಲೈಯಂಥ ಗುಡ್ಡದ ಗಣಿಗಳಲ್ಲಿ ಅದಿರು ಗುಡ್ಡದಿಂದ ಕೆಳಗೆ ಬರಬೇಕು. ನೂರಾರು ಟನ್ ಇಳಿಯುವಾಗ ಬರೀ ಬ್ರೇಕ್ ಒತ್ತಿದರೆ ಅದು ಕಾದು ಕೆಂಪಾಗುತ್ತದೆ. ಅದಕ್ಕೆ ಉಪಾಯ ಮುತ್ಯಾನ ಹಳೇ ಸೈಕಲ್ಲಿನಲ್ಲಿದೆ. ಡೈನಮೊ ಟೈರಿಗೆ ತಾಗಿಸಿದರೆ ದೀಪ ಹತ್ತುತ್ತದೆ, ಆದರೆ ಪೆಡಲ್ ಭಾರವಾಗುತ್ತದೆ. ಡಂಪರಿನಲ್ಲೂ ಇಳಿಯುವಾಗ ಗಾಲಿಯ ಮೋಟಾರುಗಳು ಡೈನಮೊ ಆಗಿಬಿಡುತ್ತವೆ. ಹುಟ್ಟಿದ ಕರೆಂಟನ್ನು ಕರೆಂಟಿನ ಒಲೆಯಂಥ ತಂತಿಗಳಿಗೆ ಬಿಟ್ಟು ಶಾಖ ಮಾಡಿ, ಫ್ಯಾನಿನಿಂದ ಗಾಳಿಗೆ ಊದುತ್ತಾರೆ. ಕಾಕಾನ ಡಂಪರಿಗೆ ಗೇರೇ ಇದೆ. ಆದರೂ 'ತಡೆಯೋದು ದೊಡ್ಡದು' ಎಂಬ ಅವರ ಮಾತು ನನಗೆ ತಿಳಿದದ್ದು ಈ ಸೈಕಲ್ಲಿನಿಂದ.

ಟೈರಿನ ಲೆಕ್ಕ ನನಗೆ ಬಹಳ ಸೇರಿತು. ಸಾಮಾನ್ಯ ಡಂಪರಿಗೆ ಮುಂದೆ ಎರಡು, ಹಿಂದೆ ನಾಲ್ಕು, ಒಟ್ಟು ಆರು ಟೈರು. ತುಂಬಿದಾಗ ಭಾರದ ಮೂರರಲ್ಲಿ ಒಂದು ಪಾಲು ಮುಂದೆ, ಎರಡು ಪಾಲು ಹಿಂದೆ ಬೀಳುವಂತೆ ರೂಪಿಸುತ್ತಾರೆ. ಆಗ ಆರೂ ಟೈರಿಗೆ ಸಮಪಾಲು. ಕಲ್ಲನ್ನು ಬರೀ ಹಿಂದೆ ತುಂಬಿದರೆ ಪಾಲು ಕೆಡುತ್ತದೆ, ಟೈರು ಕಾದು ಒಡೆಯುತ್ತದೆ. ಅಮೆರಿಕದ ಕ್ಯಾಟರ್‌ಪಿಲ್ಲರ್ 797ಎಫ್ ಡಂಪರಿನ ಟೈರು ಸುಮಾರು 4 ಮೀಟರ್ ಎತ್ತರ, ನಮ್ಮ ಶಾಲೆಯ ಛಾವಣಿಗಿಂತ ಎತ್ತರ. ಆ ಡಂಪರಿನ ಅಗಲ 9 ಮೀಟರಿಗಿಂತ ಹೆಚ್ಚು, ಹೀಗಾಗಿ ರಸ್ತೆಯ ಮೇಲೆ ಬರುವಂತಿಲ್ಲ. ಬಿಡಿ ಬಿಡಿಯಾಗಿ ತಂದು ಗಣಿಯಲ್ಲೇ ಜೋಡಿಸುತ್ತಾರೆ.

ಕೊನೆಗೆ, ಕಾಣುವುದರ ಬಗ್ಗೆ. ಡ್ರೈವರ್ ಮಾಳಿಗೆಯಷ್ಟು ಎತ್ತರದಲ್ಲಿ, ಎಡಗಡೆ ಕೂಡುತ್ತಾನೆ. ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಹತ್ತಿರದ್ದೇ ಕಾಣುವುದಿಲ್ಲ. ಬಲಗಡೆ ಜೀಪು ನಿಂತರೂ ಗೊತ್ತಾಗುವುದಿಲ್ಲ. ಅದಕ್ಕೆ ಗಣಿಯ ಜೀಪುಗಳಿಗೆ ಉದ್ದ ಕೋಲು ಕಟ್ಟಿ ತುದಿಗೆ ಬಾವುಟ ಹಾಕಿರುತ್ತಾರೆ. ಕಾಕಾನ ಗಣಿಯಲ್ಲಿ ಎಂಜಿನ್ ಚಾಲೂ ಮಾಡುವ ಮುಂಚೆ ಒಂದು ಹಾರ್ನ್, ಮುಂದೆ ಹೋಗಲು ಎರಡು, ಹಿಂದೆ ಬರಲು ಮೂರು. ಗಣಿಗೆ ಇಳಿಯುವ ಮೊದಲು ಎಲ್ಲರೂ ತರಬೇತಿ ಪಡೆಯಲೇಬೇಕು, ಅದಕ್ಕೆ 1966ರಲ್ಲೇ ನಿಯಮ ಬಂತು. ಜಾರ್ಖಂಡಿನ ನೊವಾಮುಂಡಿ ಕಬ್ಬಿಣದ ಗಣಿಯಲ್ಲಿ ಹೆಣ್ಣುಮಕ್ಕಳೂ ತರಬೇತಿ ಪಡೆದು ದೊಡ್ಡ ಡಂಪರ್ ಓಡಿಸುತ್ತಾರೆ. ಹುಡುಗಿಗ್ಯಾಕ ಲಾರಿ ಸುದ್ದಿ ಅಂತ ನಕ್ಕ ಹುಡುಗರು ಇದನ್ನು ಎರಡು ಸಲ ಓದಿರಿ.

ಗಣಿಯಲ್ಲಿ ಇಷ್ಟೆಲ್ಲ ನಿಯಮ. ನಮ್ಮ ಊರ ರಸ್ತೆಯಲ್ಲಿ? ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಮೇಲೆ ಗುಡ್ಡದಷ್ಟು ಕಬ್ಬು. ಡ್ರೈವರನಿಗೆ ಹಿಂದಿನದು ಏನೂ ಕಾಣುವುದಿಲ್ಲ. ಎಂಜಿನ್ ಸದ್ದಿನಲ್ಲಿ, ಅವನು ಹಾಡು ಹಚ್ಚಿದ್ದರಂತೂ, ಕೂಗಿದರೂ ಕೇಳುವುದಿಲ್ಲ. ಏರಿನಲ್ಲಿ ಹಿಂದಿನ ಭಾರಕ್ಕೆ ಟ್ರ್ಯಾಕ್ಟರ್ ಮೂತಿ ಎತ್ತುವುದನ್ನು ನೀವು ನೋಡಿದ್ದೀರಿ, ಅದೂ ಕ್ರೇನಿನ ಲೆಕ್ಕವೇ. ಮೂತಿ ಎತ್ತಿದಾಗ ಸ್ಟೇರಿಂಗ್ ಕೆಲಸ ಮಾಡುವುದಿಲ್ಲ, ಬಂಡಿ ಹಿಂದಕ್ಕೆ ಜಾರುತ್ತದೆ. ನಮ್ಮ ಶಾಲೆಯ ಹುಡುಗರು ಕಬ್ಬು ಜಗ್ಗಲು ಓಡಿ ಹೋಗಿ ಜೋತುಬೀಳುವುದು ಸರಿಯಾಗಿ ಆ ಏರಿನಲ್ಲಿಯೇ, ಯಾಕಂದರೆ ಅಲ್ಲಿ ಟ್ರ್ಯಾಕ್ಟರ್ ನಿಧಾನ ಆಗುತ್ತದೆ. ಸುಗ್ಗಿ ಶುರುವಾಗಿದೆ. ನನ್ನ ತಮ್ಮ ಮೂರನೇ ತರಗತಿ, ಅವನೂ ಆ ಗುಂಪಿನಲ್ಲಿ ಇದ್ದಾನೆ.

ಕೆಳಗೆ ಎರಡು ಚಿತ್ರ ಬಿಡಿಸಿದ್ದೇನೆ. ಒಂದು ಡಂಪರ್, ಇನ್ನೊಂದು ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್. ಕೆಂಪು ಬಣ್ಣ ತುಂಬಿದ ಜಾಗದಲ್ಲಿ ನಿಂತವರು ಡ್ರೈವರನಿಗೆ ಕಾಣುವುದಿಲ್ಲ. ಡಂಪರಿನ ಚಿತ್ರವನ್ನು ಕಾಕಾ ನೋಡಿ ತಿದ್ದಿದ್ದಾರೆ. ಟ್ರ್ಯಾಕ್ಟರಿನದನ್ನು ನಾನೇ ಸೀಟಿನ ಮೇಲೆ ಕೂತು, ಗೆಳತಿಯನ್ನು ಸುತ್ತಲೂ ನಿಲ್ಲಿಸಿ, ಹೆಜ್ಜೆ ಎಣಿಸಿ ಬಿಡಿಸಿದ್ದು.

ಏಳನೇ ತರಗತಿಯ ವಿದ್ಯಾರ್ಥಿನಿ