ಮನೆ ಮತ್ತು ಕೈತೋಟದ ನೀರಿನ ಲೆಕ್ಕ



ನೀರು ಸೋಸಿ ಕುಡಿಯುವುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ನೋಡಿಯೇ ಕಲಿಯುತ್ತಾರೆ. ಆದರೆ ಆ ನೀರನ್ನು ಎಷ್ಟು ಬಳಸುತ್ತೇವೆ, ಎಷ್ಟು ಸುಮ್ಮನೆ ಚೆಲ್ಲುತ್ತೇವೆ ಎಂಬುದರ ಕಡೆ ಗಮನ ಕಡಿಮೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇವನ್ನೆಲ್ಲ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಸೋಸಿದ ಮೇಲೂ ನೀರು ಜಲಕಾಯಿಕ ಜೀವವೇ ಅಲ್ಲವೇ?

ನಾನು ವ್ಯಾಪಾರಿ, ಲೆಕ್ಕ ಬರೆದರೆ ಮಾತ್ರ ನನಗೆ ವಿಷಯ ಅರ್ಥವಾಗುವುದು. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. ಅದು ಒಬ್ಬರ ಸ್ನಾನದ ಬಕೆಟ್. ಒಂದು ವಾಷರ್ ಹಾಕಿಸುವ ಕೆಲಸವನ್ನು ತಿಂಗಳುಗಟ್ಟಲೆ ಮುಂದೂಡುವ ಮನೆಗಳು ಎಷ್ಟೋ ಇವೆ. ಶೌಚಾಲಯದ ಫ್ಲಶ್ ಸೋರುವುದು ಕಣ್ಣಿಗೇ ಬೀಳುವುದಿಲ್ಲ. ಅದರ ತೊಟ್ಟಿಗೆ ಸ್ವಲ್ಪ ತಿಂಡಿಗೆ ಹಾಕುವ ಬಣ್ಣ ಬೆರೆಸಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗೆ ಬಣ್ಣ ಕಂಡರೆ ಸೋರುತ್ತಿದೆ ಎಂದೇ ಅರ್ಥ. ಮನೆಯವರೆಲ್ಲ ಮಲಗುವಾಗ ಮೀಟರ್ ಓದಿಕೊಂಡು, ಬೆಳಗ್ಗೆ ನಲ್ಲಿ ತಿರುಗಿಸುವ ಮೊದಲು ಮತ್ತೆ ಓದುವುದೂ ಒಳ್ಳೆಯ ಪರೀಕ್ಷೆ.

ಆರ್‌ಒ ಯಂತ್ರ ಇರುವವರು ಅದರ ಹೊರಪೈಪನ್ನು ಒಮ್ಮೆ ಬಕೆಟ್ಟಿಗೆ ಬಿಟ್ಟು ನೋಡಿ. ಅನೇಕ ಯಂತ್ರಗಳು ಒಂದು ಲೀಟರ್ ಕುಡಿಯುವ ನೀರಿಗೆ ಎರಡು, ಮೂರು ಲೀಟರ್ ಹೊರಗೆ ಹಾಕುತ್ತವೆ. ಅದರಲ್ಲಿ ಲವಣ ಹೆಚ್ಚು, ಕುಂಡದ ಗಿಡಗಳಿಗೆ ದಿನವೂ ಹಾಕಬಾರದು. ನೆಲ ಒರೆಸಲು, ಶೌಚಾಲಯಕ್ಕೆ ಸರಿಹೋಗುತ್ತದೆ.

ಇನ್ನು ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿ ತಾರಸಿ ಎಂದರೆ ಸುಮಾರು 93 ಚದರ ಮೀಟರ್. 10 ಮಿ.ಮೀ. ಮಳೆಗೆ 930 ಲೀಟರ್, ಆವಿಯಾಗಿ ಹೋದದ್ದು, ಚೆಲ್ಲಿದ್ದು ಕಳೆದರೂ 700ಕ್ಕೆ ಮೋಸವಿಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುವ ವಿಜಯಪುರದ ಕಡೆಯೂ ಅಂಥ ತಾರಸಿಯ ಮೇಲೆ 50 ಸಾವಿರ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಟ್ಯಾಂಕರಿಗೆ ಕೊಡುವ ದುಡ್ಡನ್ನು ಇದರ ಪಕ್ಕದಲ್ಲಿ ಬರೆದು ನೋಡಿ. ಮೊದಲ ಮಳೆಯ ಒಂದೆರಡು ಮಿ.ಮೀ. ನೀರು ತಾರಸಿಯ ಧೂಳು, ಹಕ್ಕಿ ಹಿಕ್ಕೆ ತೊಳೆದುಕೊಂಡು ಬರುತ್ತದೆ, ಅದನ್ನು ಬೇರೆ ಪೈಪಿನಲ್ಲಿ ಹೊರಗೆ ಬಿಡಬೇಕು. ನಂತರದ್ದನ್ನು ಜಲ್ಲಿ, ಮರಳು, ಇದ್ದಿಲಿನ ಸೋಸುಗದ ಮೂಲಕ ತೊಟ್ಟಿಗೆ ಬಿಡಿ. ಕೊಳವೆಬಾವಿ ಇದ್ದವರು ತಾರಸಿ ನೀರನ್ನು ನೇರವಾಗಿ ಕೇಸಿಂಗ್ ಪೈಪಿಗೆ ಇಳಿಸಬೇಡಿ. ಪಕ್ಕದಲ್ಲಿ ಇಂಗುಗುಂಡಿ ಮಾಡಿಸಿ. ಬೆಂಗಳೂರಿನಲ್ಲಂತೂ ನಿಗದಿತ ಅಳತೆಯ ನಿವೇಶನಗಳಿಗೆ 2009ರಿಂದಲೇ ಮಳೆನೀರು ಸಂಗ್ರಹ ಕಡ್ಡಾಯ. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು.

ಕೈತೋಟಕ್ಕೆ ಸೂರ್ಯ ಏರುವ ಮೊದಲೇ ನೀರು ಹಾಕಿ, ಬುಡಕ್ಕೆ ಮಾತ್ರ. ಬುಡದ ಸುತ್ತ ಒಣ ಎಲೆ ಅಥವಾ ತೆಂಗಿನ ನಾರು ಹರಡಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ. ಹೀರೆ, ತೊಂಡೆ ಬಳ್ಳಿಗಳಿಗೆ ನನಗೆ ಇಷ್ಟವಾದ ಉಪಾಯ ಮಡಕೆಯದು. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಮುಚ್ಚಳ ಹಾಕುವುದು. ಸುತ್ತಲ ಮಣ್ಣು ಒಣಗಿದಂತೆ ಮಡಕೆ ತಾನಾಗಿಯೇ ಜಿನುಗುತ್ತದೆ, ಒದ್ದೆಯಿದ್ದರೆ ನಿಧಾನವಾಗುತ್ತದೆ. ಬೇಳೆ, ತರಕಾರಿ ತೊಳೆದ ನೀರು ಗಿಡಗಳಿಗೆ ಒಳ್ಳೆಯದು. ಸೋಪಿನ ನೀರಾದರೆ ಬಾಳೆ, ಕಾಬಾಳೆ ಇದ್ದ ಕಡೆ ಬಿಡಬಹುದು, ಬ್ಲೀಚಿಂಗ್ ಹಾಕಿದ್ದು ಮಾತ್ರ ಬೇಡ.

ನೀರು ಕೂಡಿಡುವವರು ಇನ್ನೊಂದು ಗಮನಿಸಬೇಕು. ತೆರೆದ ತೊಟ್ಟಿ, ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಸೊಳ್ಳೆಯ ಮನೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆಮೇಲೆ ಔಷಧಿ ಹೊಡೆದು ಲೆಕ್ಕವಿಲ್ಲದಷ್ಟು ಜೀವ ಕೊಲ್ಲುವುದಕ್ಕಿಂತ, ಅವು ಹುಟ್ಟದಂತೆ ಮೊದಲೇ ನೋಡಿಕೊಳ್ಳುವುದು ನಮಗೆ ಒಪ್ಪುವ ದಾರಿ. ತೊಟ್ಟಿಗೆ ಬಿಗಿ ಮುಚ್ಚಳ, ಗಾಳಿ ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿಸಿ. ಕುಂಡದ ತಟ್ಟೆಗೆ ಮರಳು ತುಂಬಿಸಿ. ಮೇ ತಿಂಗಳಲ್ಲಿ ತಾರಸಿ ಗುಡಿಸಿ, ಪೈಪಿನ ಬಾಯಿಯ ಎಲೆ ತೆಗೆಸಿಟ್ಟರೆ ಮೊದಲ ಮಳೆಗೇ ಎಲ್ಲ ಸಿದ್ಧವಾಗಿರುತ್ತದೆ.